ಬಾಯಿಮಾತು ಕನ್ನಡ, ಬಸ್ಸಿನ ಬೋರ್ಡು ಮರಾಠಿ: ಮೊದಲ ಅಕ್ಷರ ಯಾವುದು?

ಅಕ್ಕಲಕೋಟ: ಸೊಲ್ಲಾಪುರ ಬಸ್ ನಿಲ್ದಾಣದಲ್ಲಿ ‘ಅಕ್ಕಲಕೋಟ ಗಾಡಿ ಇದೇ ಏನ್ರಿ?’ ಎಂದು ಕೇಳಿಯೇ ಹತ್ತುವವರು ಇಂದಿಗೂ ಇದ್ದಾರೆ. ಗಾಡಿಯ ನೆತ್ತಿಯ ಮೇಲೆ ಊರಿನ ಹೆಸರೇನೋ ದೊಡ್ಡದಾಗಿಯೇ ಇರುತ್ತದೆ. ಆದರೆ ಅದು ಮರಾಠಿ. ರೇಷನ್ ಅಂಗಡಿಯ ಫಲಕ, ಹೊಲದ ಸಾತಬಾರಾ ಉತಾರ, ಪಂಚಾಯಿತಿಯ ನೋಟಿಸು ಇವೂ ಮರಾಠಿಯವೇ. ಮನೆಯೊಳಗಿನ ಮಾತು, ಜಗಳ, ಜೋಗುಳ ಮಾತ್ರ ಕನ್ನಡ. ಇಂಥ ಕಡೆ ಓದು ಬರದ ಹಿರಿಯರಿಗೆ ಅಕ್ಷರ ಕಲಿಸಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ, ಯಾವ ಅಕ್ಷರದಿಂದ ಸುರು ಮಾಡಬೇಕು ಎಂಬುದು.

ಪ್ರಶ್ನೆ ಸಣ್ಣದಲ್ಲ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸಾಕ್ಷರತೆ ಶೇ 82 ದಾಟಿದ್ದರೆ ಸೊಲ್ಲಾಪುರ ಜಿಲ್ಲೆಯದು ಶೇ 77ರ ಆಸುಪಾಸಿನಲ್ಲಿತ್ತು. ಹಿಂದೆ ಉಳಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹೊಲದ ಕೆಲಸ, ಬೀಡಿ ಕಟ್ಟುವುದು, ತಮ್ಮ ತಂಗಿಯರನ್ನು ಆಡಿಸುವುದು, ಇವುಗಳ ನಡುವೆ ಶಾಲೆ ಬಿಟ್ಟ ಅಥವಾ ಶಾಲೆಯ ಮುಖವನ್ನೇ ಕಾಣದ ತಲೆಮಾರು ಅದು.

ಅಜ್ಜಿಗೆ ಮೊಮ್ಮಗಳೇ ಗುರು

ಹದಿನೈದು ವರ್ಷ ಮೀರಿದ ಅನಕ್ಷರಸ್ಥರಿಗಾಗಿ ಕೇಂದ್ರ ಸರ್ಕಾರ 2022ರಿಂದ 2027ರ ಅವಧಿಗೆ ನವಭಾರತ ಸಾಕ್ಷರತಾ ಕಾರ್ಯಕ್ರಮ ರೂಪಿಸಿತು. ‘ಉಲ್ಲಾಸ್’ ಎಂಬ ಹೆಸರು ಬಂದದ್ದು 2023ರಲ್ಲಿ. ಇದರಲ್ಲಿ ಕಲಿಸುವವರಿಗೆ ಸಂಬಳವಿಲ್ಲ. ಓದು ಬಲ್ಲವರು ಸ್ವಯಂಸೇವಕರಾಗಿ ಮನೆಯಲ್ಲೋ ಓಣಿಯಲ್ಲೋ ಕಲಿಸಬೇಕು. ಕಲಿತವರಿಗೆ ಕೊನೆಗೊಂದು ಪರೀಕ್ಷೆ. ಓದು 50, ಬರಹ 50, ಲೆಕ್ಕ 50, ಒಟ್ಟು 150 ಅಂಕ. ಒಂದೊಂದರಲ್ಲೂ ಶೇ 33 ಬಂದರೆ ಪಾಸು.

2024ರ ಮಾರ್ಚ್ 17ರಂದು ಮಹಾರಾಷ್ಟ್ರದಲ್ಲಿ ಈ ಪರೀಕ್ಷೆ ನಡೆದಾಗ ಮರಾಠಿ, ಹಿಂದಿ, ಉರ್ದು, ತೆಲುಗು ಮೊದಲಾದ ಭಾಷೆಗಳ ಜೊತೆ ಕನ್ನಡದಲ್ಲಿಯೂ ಬರೆಯಲು ಅವಕಾಶವಿತ್ತು. ಗಡಿಭಾಗದವರಿಗೆ ಇದು ದೊಡ್ಡ ಸಂಗತಿ. ಆದರೆ ತೊಡಕು ಬೇರೆ ಕಡೆ ಇದೆ. ಕಲಿಸಲು ಕೂಡುವ ಮೊಮ್ಮಗಳು ಮರಾಠಿ ಶಾಲೆಯವಳಾಗಿದ್ದರೆ ಅಜ್ಜಿಗೆ ಸಿಗುವುದು ಮರಾಠಿ ಅಕ್ಷರವೇ. ಅಜ್ಜಿಗೆ ಗೊತ್ತಿರುವ ಮಾತಿಗೂ ಪಾಟಿಯ ಮೇಲಿನ ಗೆರೆಗೂ ಸಂಬಂಧವೇ ಹತ್ತುವುದಿಲ್ಲ. ‘ನಂಗ ಓದಾಕ ಬರಂಗಿಲ್ಲ ಬಿಡವ್ವಾ’ ಎಂದು ಪಾಟಿ ಪಕ್ಕಕ್ಕಿಟ್ಟರೆ ತಪ್ಪು ಅಜ್ಜಿಯದೇನು?

ಓದು ಎಂದರೆ ಗೆರೆಯನ್ನು ಸದ್ದು ಮಾಡುವುದಷ್ಟೇ ಅಲ್ಲ. ಸದ್ದು ಮಾಡಿದ ಕೂಡಲೇ ‘ಓಹೋ ಇದಾ!’ ಅನ್ನಿಸಬೇಕು. ಅದಕ್ಕೆ ಆ ಮಾತು ಮೊದಲೇ ಕಿವಿಯಲ್ಲಿ ಇರಬೇಕು. ಕನ್ನಡದಲ್ಲಿ ಸುರು ಮಾಡಿ ಎನ್ನುವುದಕ್ಕೆ ಅಭಿಮಾನಕ್ಕಿಂತ ಇದೇ ಗಟ್ಟಿ ಕಾರಣ.

ಹಾಗಂತ ಮರಾಠಿ ಬೇಡವೆನ್ನಲು ಬರುವುದಿಲ್ಲ. ಉತಾರ ಓದಬೇಕಲ್ಲ! ಸಮಾಧಾನವೆಂದರೆ ಒಂದು ಲಿಪಿ ಕೈಗೆ ಹತ್ತಿದವರಿಗೆ ಇನ್ನೊಂದು ಭಾರವಾಗುವುದಿಲ್ಲ. ಕ, ಖ, ಗ, ಘ ಎಂಬ ಸಾಲು ಎರಡರಲ್ಲೂ ಒಂದೇ. ಕಾಗುಣಿತದ ಲೆಕ್ಕವೂ ಬಹುತೇಕ ಒಂದೇ. ವ್ಯತ್ಯಾಸ ಇರುವ ಕಡೆ ಮಾತ್ರ ನಿಂತು ಕಲಿಸಬೇಕು. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ ಬರಹದಲ್ಲಿ ಈ ಭೇದವಿಲ್ಲ. ಅದಕ್ಕೇ ಮರಾಠಿ ಶಾಲೆಯಲ್ಲಿ ಓದಿದ ಹುಡುಗರು ಕನ್ನಡ ಬರೆಯುವಾಗ ‘ಕೊಡು’ ಹೋಗಿ ‘ಕೋಡು’ ಆಗುವುದು. ಒತ್ತಕ್ಷರದ್ದು ಇನ್ನೊಂದು ಗೋಳು. ಮರಾಠಿಯಲ್ಲಿ ಸಾಮಾನ್ಯವಾಗಿ ಮೊದಲಿನ ಅಕ್ಷರ ಅರ್ಧವಾಗುತ್ತದೆ, ಕನ್ನಡದಲ್ಲಿ ಎರಡನೆಯದು ಕೆಳಗೆ ಇಳಿಯುತ್ತದೆ. ಅವ್ವ, ಅಪ್ಪ, ಅಕ್ಕ, ಅಣ್ಣ, ಅಜ್ಜ ಎಲ್ಲದಕ್ಕೂ ಒತ್ತು ಇದೆಯಲ್ಲ! ಮನೆಮಂದಿಯ ಹೆಸರು ಬರೆಯುವ ಆಸೆಗಾದರೂ ಒತ್ತಕ್ಷರವನ್ನು ದೊಡ್ಡವರಿಗೆ ಬೇಗನೇ ಕಲಿಸಬಹುದು.

ಪುಸ್ತಕದ ಕನ್ನಡವೂ ಸ್ವಲ್ಪ ದೂರದ ನೆಂಟನೇ. ಈ ಭಾಗದಲ್ಲಿ ‘ಬಂದಾನ’ ಎಂದದ್ದು ಪಾಠದಲ್ಲಿ ‘ಬಂದಿದ್ದಾನೆ’ ಆಗಿರುತ್ತದೆ. ಮೊದಲು ‘ಬಂದಾನ’ ಎಂದೇ ಬರೆಸಿ, ಓದಿಸಿ, ಆಮೇಲೆ ಪುಸ್ತಕದ ರೂಪ ತೋರಿಸಿದರೆ ಹಿರಿಯರಾಗಲಿ ಮಕ್ಕಳಾಗಲಿ ಹೆದರುವುದಿಲ್ಲ.

ಜಿಲ್ಲೆಯಲ್ಲೇ ಉದಾಹರಣೆ

ಮನೆಮಾತಿನ ಬಲಕ್ಕೆ ಸಾಕ್ಷಿ ಇದೇ ಜಿಲ್ಲೆಯಲ್ಲಿದೆ. ಮಾಢಾ ತಾಲ್ಲೂಕಿನ ಪರಿತೇವಾಡಿ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ 2020ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಮಾಢಾ ಗಡಿಗೆ ಅಂಟಿದ ತಾಲ್ಲೂಕಲ್ಲ. ಆದರೂ ಪ್ರಶಸ್ತಿ ನೀಡಿದ ವರ್ಕಿ ಫೌಂಡೇಷನ್ ಕೊಟ್ಟ ವಿವರದ ಪ್ರಕಾರ, 2009ರಲ್ಲಿ ಅವರು ಬಂದಾಗ ಅಲ್ಲಿನ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು. ಶಾಲೆ ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಉಗ್ರಾಣದ ನಡುವೆ ಇತ್ತು. ಡಿಸಲೆ ತಾವೇ ಕನ್ನಡ ಕಲಿತು ಪಾಠಗಳನ್ನು ಮಕ್ಕಳ ಮಾತಿಗೆ ತಂದರು. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಕನ್ನಡದ ಪದ್ಯ, ಕತೆ, ಪಾಠ ಮೊಬೈಲಿನಲ್ಲಿ ಕೇಳುವಂತೆ ಮಾಡಿದರು. ಹತ್ತು ಲಕ್ಷ ಡಾಲರ್ ಬಹುಮಾನದಲ್ಲಿ ಅರ್ಧವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದ್ದು ಹೆಚ್ಚು ಸುದ್ದಿಯಾಯಿತು. ಗಡಿ ಮಂದಿಗೆ ಅದಕ್ಕಿಂತ ಮುಖ್ಯವಾದದ್ದು ಗುರೂಜಿಯೇ ಮಕ್ಕಳ ಮಾತು ಕಲಿತದ್ದು.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸುವ ಅನುಕೂಲವನ್ನು ರಾಜ್ಯಗಳು ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಅದಕ್ಕೂ ಮೊದಲು, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಭೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತ್ತು. ಪುಣೆಯ ಬಾಲಭಾರತಿ ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಮಾಡುತ್ತದೆ. 2022ರ ಕೊನೆಗೆ ಗಡಿ ತಂಟೆ ಮತ್ತೆ ಕಾವೇರಿದಾಗ ಎರಡೂ ಕಡೆಯ ನಾಯಕರು ಊರುಗಳ ಹೆಸರು ಹೇಳಿದ್ದೇ ಹೇಳಿದ್ದು. ತರಗತಿಯ ಹತ್ತು ಮಕ್ಕಳ ಮಾತು ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ.

ಸೀಟು ಕೈಗೆ ಬಂದರೂ

ಮನೆಯಲ್ಲಿ ಕನ್ನಡ ಆಡಿದರೆ ಸಾಕು, ಓದು ಯಾಕೆ ಎನ್ನುವವರು ಕರ್ನಾಟಕದ ಸಿಇಟಿ ನಿಯಮ ನೋಡಬೇಕು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ ಮಕ್ಕಳಿಗೆ ಅಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಹತೆ ಇದೆ. ಆದರೆ ಅದಕ್ಕೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಗಳಿಸಬೇಕು. ಹನ್ನೆರಡು ಬಹಳವೇನಲ್ಲ. ಅಕ್ಷರವೇ ಬರದಿದ್ದರೆ ಅದೂ ಬೆಟ್ಟ.

ತಡವಾಗಿ ಕಲಿತವರಿಗೆ ಸೊಲ್ಲಾಪುರದಲ್ಲೇ ಹಿರಿಯಕ್ಕ ಒಬ್ಬರಿದ್ದರು. 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡ ಅಕ್ಷರವನ್ನು ಸ್ವಂತ ಪ್ರಯತ್ನದಿಂದ ಕಲಿತರು. ಸೊನ್ನಲಿಗೆಯ ಸಿದ್ಧರಾಮನ ಕತೆಯನ್ನು ತ್ರಿಪದಿಯಲ್ಲಿ ಬರೆದರು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡುತ್ತಾ ಬಂದ ಮೂರು ಸಾಲಿನ ಮಟ್ಟು ಅದೇ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ಪೀಠ ಏರಿದ ಮೊದಲ ಮಹಿಳೆ ಅವರೇ.

ಅಜ್ಜಿಯರ ಬಾಯಲ್ಲಿ ಇಂಥ ಪದಗಳು ಇನ್ನೂ ಇವೆ. ಅಜ್ಜಿ ಹಾಡಿದ್ದನ್ನು ಮೊಮ್ಮಗಳು ಕನ್ನಡದಲ್ಲಿ ಬರೆದುಕೊಂಡು ಅದನ್ನೇ ಅಜ್ಜಿಗೆ ಓದಲು ಕೊಟ್ಟರೆ ಬೇರೆ ಪಾಠ ಹುಡುಕಬೇಕಿಲ್ಲ. ಕನ್ನಡ ಬಾರದ ಮೊಮ್ಮಗಳೂ ಜೊತೆಗೇ ಕಲಿತಾಳು. ಇನ್ನು ಪರೀಕ್ಷೆಗೆ ಕೂಡುವವರು ಊರಿನ ಜಿಲ್ಲಾ ಪರಿಷತ್ ಶಾಲೆಯಲ್ಲಿ ವಿಚಾರಿಸಿ, ಹೆಸರು ಬರೆಸುವಾಗಲೇ ಪ್ರಶ್ನೆಪತ್ರಿಕೆ ಕನ್ನಡದ್ದು ಬೇಕೆಂದು ಹೇಳಿಟ್ಟರೆ ಒಳ್ಳೆಯದು.