ನೆಲಸಲು ವಿಯೆನ್ನಾ ಆದೀತೆ?

ಪರದೇಶದಲ್ಲಿ ನೆಲಸುವುದಾದರೆ ಯಾವ ಊರು ಮೇಲು? ಈ ಮಾತೆದ್ದಾಗಲೆಲ್ಲ ಆಸ್ಟ್ರಿಯದ ರಾಜಧಾನಿ ವಿಯೆನ್ನಾದ ಹೆಸರು ಕೇಳಿಬರುತ್ತದೆ. ಲಂಡನ್ನಿನ ‘ಎಕನಾಮಿಸ್ಟ್’ ಬಳಗವು ಪ್ರಕಟಿಸುವ ವಾಸಯೋಗ್ಯ ನಗರಗಳ ಪಟ್ಟಿಯಲ್ಲಿ 2022ರಿಂದ 2024ರವರೆಗೆ ಮೊದಲ ಸ್ಥಾನ ಅದರದೇ ಆಗಿತ್ತು. 2025ರಲ್ಲಿ ಕೋಪನ್‌ಹೇಗನ್ ಅದನ್ನು ಹಿಂದಿಕ್ಕಿತು.

ಮೊಝಾರ್ಟ್, ಬೇತೋವನ್ ಬಾಳಿದ ಊರೆಂಬ ಕೀರ್ತಿ ಹಳೆಯದು. ಆದರೆ ಸಂಸಾರವಂದಿಗರನ್ನು ಸೆಳೆಯುವುವು ನೀರು ಮತ್ತು ಸೂರು. 1873ರಲ್ಲಿ ಪೂರ್ಣಗೊಂಡ ಕಾಲುವೆಯೊಂದು ಆಲ್ಪ್ಸ್ ಪರ್ವತದ ಚಿಲುಮೆಗಳ ನೀರನ್ನು ಇಳಿಜಾರಿನ ಬಲದಿಂದಲೇ ನಗರಕ್ಕೆ ತರುತ್ತದೆ. 1910ರಲ್ಲಿ ಮತ್ತೊಂದು ಅದರ ಜೊತೆಗೂಡಿತು. ಮೊದಲನೆಯ ಮಹಾಯುದ್ಧದ ತರುವಾಯ ಬಾಡಿಗೆದಾರರ ಬವಣೆಯನ್ನು ನೀಗಲು ನಗರಸಭೆ ತಾನೇ ಮನೆಗಳನ್ನು ಕಟ್ಟಿಸತೊಡಗಿತು. 1930ರಲ್ಲಿ ತೆರೆದ ‘ಕಾರ್ಲ್ ಮಾರ್ಕ್ಸ್ ಹೋಫ್’ ಎಂಬ ವಸತಿ ಸಮುಚ್ಚಯದ ಉದ್ದವೇ ಒಂದು ಕಿಲೋಮೀಟರಿಗಿಂತ ಹೆಚ್ಚು. ಸ್ನಾನಗೃಹ, ಬಟ್ಟೆ ಒಗೆಯುವ ಮನೆ, ಶಿಶುವಿಹಾರಗಳೆಲ್ಲ ಅದರೊಳಗೇ ಇದ್ದುವು. ಇಂದಿಗೂ ನಗರದ ಸುಮಾರು ಅರ್ಧದಷ್ಟು ಜನ ನಗರಸಭೆಯ ಇಲ್ಲವೆ ಸರಕಾರಿ ನೆರವಿನ ಮನೆಗಳಲ್ಲಿ ವಾಸಿಸುತ್ತಾರೆ.

ಹೊಸದಾಗಿ ಬಂದವರಿಗೆ ಮಾತ್ರ ನಗರಸಭೆಯ ಮನೆ ಕೂಡಲೇ ದೊರೆಯದು. ಕೆಲವು ವರ್ಷ ಅಲ್ಲಿ ನೆಲಸಿರಬೇಕು. ಪೌರತ್ವ ಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷಗಳ ವಾಸ, ಜರ್ಮನ್ ಭಾಷೆಯ ಪರಿಚಯ ಎರಡೂ ಅಗತ್ಯ. ಮೇಲೆ ಹುಟ್ಟುನಾಡಿನ ಪೌರತ್ವವನ್ನು ತ್ಯಜಿಸಬೇಕು. ಪಟ್ಟಿ ಮಾಡುವವರು ಅಂಕ ಕೊಡುವುದು ಶಾಂತಿ, ಆಸ್ಪತ್ರೆ, ಶಾಲೆ, ರಸ್ತೆ ಮೊದಲಾದುವಕ್ಕೆ. ಕಷ್ಟಕಾಲದಲ್ಲಿ ಓಡಿಬರುವ ನೆಂಟರಿಷ್ಟರಿಗೂ ಬೀದಿಯಲ್ಲಿ ಕಿವಿಗೆ ಬೀಳುವ ತಾಯ್ನುಡಿಗೂ ಅಲ್ಲಿ ಅಂಕವಿಲ್ಲ. ಆ ಲೆಕ್ಕವನ್ನು ಹೊರಡುವವರೇ ಹಾಕಿಕೊಳ್ಳಬೇಕು.