ಎರಡು ಮನೆಗಳ ನಡುವಣ ನಿಸ್ತಂತು ಸೇತುವೆ



ನಮ್ಮ ಮನೆಗೂ ನಮ್ಮ ಅಕ್ಕನವರ ಮನೆಗೂ ನಡುವೆ ಇರುವುದು ೧೦೦ ಮೀಟರ್ ದೂರ, ಒಂದು ಬೀದಿ, ಒಂದು ಹೊಂಗೆಯ ಮರ. ನಮ್ಮಲ್ಲಿ ಅಂತರ್ಜಾಲದ ಸಂಪರ್ಕವುಂಟು, ಅವರಲ್ಲಿಲ್ಲ. ಎಪ್ಪತ್ತೆರಡು ವರ್ಷದ ಅವರು ಪರದೇಶದಲ್ಲಿರುವ ಮಗಳ ಮುಖ ನೋಡಿ ಮಾತನಾಡಲು ಪ್ರತಿ ಸಾಯಂಕಾಲವೂ ಕೋಲೂರಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಈ ಶ್ರಮವನ್ನು ತಪ್ಪಿಸಹೊರಟು ನಾನು ಕಲಿತುದನ್ನು ಗೃಹಸ್ಥರ ಉಪಯೋಗಾರ್ಥವಾಗಿ ನಿವೇದಿಸುತ್ತೇನೆ.

ಬೀದಿಯ ಮೇಲೆ ತಾಮ್ರದ ತಂತಿಯನ್ನೆಳೆದರೆ ಸಾಲದೆ ಎಂದು ಕೇಳಬಹುದು. ಎಳೆಯಬಹುದು, ಆದರೆ ಸಿಡಿಲಿನ ವಿದ್ಯುತ್ತು ಅದನ್ನೇ ಮಾರ್ಗವಾಗಿ ಹಿಡಿದು ಎರಡು ಮನೆಗಳ ಯಂತ್ರಗಳನ್ನೂ ಕೆಡಿಸೀತು.

ಕದಂಬದ ಮೊಗ್ಗು ಸುತ್ತಲೂ ಏಕಕಾಲದಲ್ಲಿ ಅರಳುವಂತೆ ಶಬ್ದವು ಎಲ್ಲ ದಿಕ್ಕಿಗೂ ವ್ಯಾಪಿಸುವುದೆಂದು ನಮ್ಮ ತಾರ್ಕಿಕರು ಹೇಳುವರು. ಇದೇ ಕದಂಬಮುಕುಲನ್ಯಾಯ. ಮನೆಯೊಳಗಿನ ವೈಫೈ ರೌಟರಿನ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಹಾಗೆ ಹಂಚಿಹೋದ ಶಕ್ತಿಯು ಗೋಡೆಗಳನ್ನು ದಾಟಿ ಬೀದಿಯಾಚೆಗೆ ಮುಟ್ಟುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಆದಕಾರಣ, ಶಕ್ತಿಯನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳುಹಿಸುವ ಆಂಟೆನಾಗಳುಳ್ಳ ೫ ಗಿಗಾಹರ್ಟ್ಸ್‌ನ ಯಂತ್ರದ್ವಯವನ್ನು ತಂದು, ಎರಡು ತಾರಸಿಗಳ ಮೇಲೆ ಪರಸ್ಪರಾಭಿಮುಖವಾಗಿ ನಿಲ್ಲಿಸಿದೆವು. ಒಂದನ್ನು ನಮ್ಮ ರೌಟರಿಗೂ, ಇನ್ನೊಂದನ್ನು ಅಕ್ಕನವರ ಮನೆಯಲ್ಲಿಟ್ಟ ಸಣ್ಣ ರೌಟರಿಗೂ ಕೇಬಲ್ಲಿನಿಂದ ಜೋಡಿಸಿದೆವು. ಈ ತರಂಗಗಳ ಅನೇಕ ಪಟ್ಟಿಗಳನ್ನು, ನಿಯಮಿತ ಶಕ್ತಿಯೊಳಗೆ, ಹೊರಾಂಗಣದಲ್ಲಿಯೂ ಲೈಸೆನ್ಸಿಲ್ಲದೆ ಬಳಸಲು ಭಾರತ ಸರ್ಕಾರವು ೨೦೧೮ರಲ್ಲಿ ಅನುಮತಿಸಿದೆ. ದಿಕ್ಕನ್ನು ಹೊಂದಿಸಲು ಇಬ್ಬರು ಬೇಕು: ಒಬ್ಬನು ಯಂತ್ರವನ್ನು ಮೆಲ್ಲಮೆಲ್ಲನೆ ತಿರುಗಿಸತಕ್ಕದ್ದು, ಮತ್ತೊಬ್ಬನು ಸಂಕೇತದ ಬಲವನ್ನು ಓದಿ ಹೇಳತಕ್ಕದ್ದು. ಅಂಕೆಯ ಮುಂದೆ ಋಣಚಿಹ್ನೆಯಿರುವುದರಿಂದ ೮೦ಕ್ಕಿಂತ ೬೦ ಉತ್ತಮವೆಂದರಿಯಬೇಕು.

ಫಾಲ್ಗುಣದಲ್ಲಿ ಹೊಂಗೆಯು ಎಲೆಯುದುರಿಸಿ ನಿಂತಿದ್ದಾಗ ಎಲ್ಲವೂ ಸುಸೂತ್ರವಾಗಿತ್ತು. ಚೈತ್ರದಲ್ಲಿ ಅದು ಚಿಗುರಿದಂತೆ ಸಂಕೇತದ ಬಲವು ಕುಗ್ಗಹತ್ತಿತು, ನಾನು ಲಕ್ಷಿಸಲಿಲ್ಲ. ಆಷಾಢದ ಒಂದು ಸಂಜೆ ಮಗಳ ಮಾತು ಅರ್ಧದಲ್ಲಿಯೇ ನಿಂತುಹೋಯಿತು.

“ತಮ್ಮಾ, ನಿನ್ನ ತಂತಿಯಿಲ್ಲದ ತಂತಿ ಮಳೆಗೆ ನೆನೆಯಿತೇನೋ?” ಎಂದರು ಅಕ್ಕ.

ನೆನೆದುದು ತಂತಿಯಲ್ಲ, ಎಲೆ. ನೀರುಂಡ ಎಲೆಗಳು ಈ ತರಂಗಗಳನ್ನು ಹೀರಿಕೊಳ್ಳುತ್ತವೆ. ೧೮೮೦ರಲ್ಲಿ ವಾಷಿಂಗ್ಟನ್ ನಗರದ ಶಾಲೆಯೊಂದರ ಮಾಳಿಗೆಯಿಂದ ೨೧೩ ಮೀಟರ್ ದೂರದಲ್ಲಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರ ಪ್ರಯೋಗಶಾಲೆಗೆ ಸೂರ್ಯಕಿರಣದ ಮೂಲಕ ಮಾತನ್ನು ಕಳುಹಿಸಿದರಷ್ಟೆ. ಅಲ್ಲಿ ಅಡ್ಡಿಯಾಗತಕ್ಕದ್ದು ಮೋಡ. ಇಲ್ಲಿ ಅಡ್ಡಿಯಾದುದು ಹೊಂಗೆ. ಅಲ್ಲದೆ, ಎದುರು ಮನೆ ಕಣ್ಣಿಗೆ ಕಂಡರಷ್ಟೇ ಸಾಲದು. ರೇಡಿಯೋ ತರಂಗದ ದಾರಿಯು ನೂಲಿನಂತಲ್ಲ, ಮೃದಂಗದಂತೆ ನಡುವೆ ಉಬ್ಬಿದುದು. ೧೦೦ ಮೀಟರ್ ದೂರಕ್ಕೆ ಮಧ್ಯದಲ್ಲಿ ಸುತ್ತಲೂ ಸುಮಾರು ೧.೧ ಮೀಟರಿನಷ್ಟು ತೆರವು ಇರತಕ್ಕದ್ದು.

ಕೊಂಬೆಗಳನ್ನು ಕಡಿಸೋಣವೆಂದೆ. “ಬೇಸಗೆಯಲ್ಲಿ ಈ ಬೀದಿಗೆ ನೆರಳು ಕೊಡುವುದು ಯಾರು, ನಿನ್ನ ಯಂತ್ರವೇ?” ಎಂದು ಅಕ್ಕ ಕೇಳಿದರು. ಉತ್ತರವಿರಲಿಲ್ಲ. ಯಂತ್ರಗಳನ್ನು ಎರಡು ತಾರಸಿಗಳ ಪೂರ್ವದ ಮೂಲೆಗಳಿಗೆ ಸಾಗಿಸಿದೆವು. ದಾರಿಯು ಮರವನ್ನು ಬಳಸಿ ತೆರವಾಯಿತು. ಕಂಬಗಳಿಗೆ ಭೂಸಂಪರ್ಕವನ್ನು ಕೊಡಿಸಿ, ಪರರು ಪ್ರವೇಶಿಸದಂತೆ ಗಟ್ಟಿಯಾದ ಗುಪ್ತಪದವನ್ನೂ ಇಟ್ಟೆವು.

ಈಗ ಅಕ್ಕನವರು ಮಗಳೊಡನೆ ತಮ್ಮ ಜಗಲಿಯಲ್ಲಿಯೇ ಕುಳಿತು ಮಾತನಾಡುತ್ತಾರೆ. ಇಂಥ ಸೇತುವೆಯನ್ನು ಬೇಸಗೆಯಲ್ಲಿ ಕಟ್ಟುವವರು ಮಳೆಗಾಲದ ಮರವನ್ನು ಮನಸ್ಸಿಗೆ ತಂದುಕೊಂಡು ಕಟ್ಟಬೇಕೆಂಬುದೇ ನನ್ನ ವಿಜ್ಞಾಪನೆ.