ಬಂಡೆಬೆಟ್ಟಗಳ ಹಾಡುಹಕ್ಕಿ

ಹುಲಿಯನ್ನೋ ಆನೆಯನ್ನೋ ಕಾಣಬೇಕಾದರೆ ನಾವು ದೂರದ ಅರಣ್ಯಗಳಿಗೆ ಪ್ರಯಾಣ ಮಾಡಬೇಕಾಗುವುದು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಹಾಡುಹಕ್ಕಿಗಳನ್ನು ಕಾಣಲಾದರೋ ಮುಂಜಾನೆಯ ಎರಡು ಗಂಟೆಗಳ ಬಿಡುವು, ಸದ್ದಿಲ್ಲದೆ ಕುಳಿತಿರುವ ಅಭ್ಯಾಸ, ಇವೆರಡೇ ಸಾಕು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರು ಬಂದರೆ ರಾಮನಗರ. ಅದರ ಸುತ್ತಣ ಕೂಟಗಲ್, ಮಾಗಡಿ, ಕನಕಪುರಗಳ ಸೀಮೆ ಬಂಡೆಬೆಟ್ಟಗಳ ಸೀಮೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಬಂಡೆಗಳ ನಡುವಣ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿ ವಾಸಿಸುವುದು. ಊರ ತೋಟಗಳ ಪಿಕಳಾರಕ್ಕೆ ತಲೆಯ ಮೇಲೆ ಜುಟ್ಟುಂಟು, ಇದಕ್ಕಿಲ್ಲ. ತಲೆ, ಕೊರಳು ಹಳದಿ, ಮೈ ಬೂದು. ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಜೆರ್ಡನ್ ಎಂಬ ವೈದ್ಯ, 1845ರಲ್ಲಿ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಈ ಜಾತಿ ಇಲ್ಲ. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಮೇಲೆ ನಮ್ಮ ನಾಡಿನ ಪಕ್ಷಿಸಂಪತ್ತು ಪಂಡಿತಲೋಕಕ್ಕೆ ವಿಶದವಾಗಿ ತಿಳಿಯಿತು.

ಹಕ್ಕಿಯನ್ನು ನೋಡಲು ಹೋದವನು ಮೊದಲು ಕಿವಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಹಾಡು ಬೇರೆ, ಕೂಗು ಬೇರೆ. ಬಹುಮಟ್ಟಿಗೆ ಗಂಡುಹಕ್ಕಿಯು ಹಾಡಿನಿಂದ ತನ್ನ ಎಲ್ಲೆಯನ್ನು ಸಾರುವುದು, ಸಂಗಾತಿಯನ್ನು ಕರೆಯುವುದು. ಕೂಗಿನಿಂದ ಅಪಾಯವನ್ನು ತಿಳಿಸುವುದು. ಹಕ್ಕಿಯ ಧ್ವನಿಪೆಟ್ಟಿಗೆ ಶ್ವಾಸನಾಳವು ಎರಡಾಗಿ ಕವಲೊಡೆಯುವಲ್ಲಿ ಇರುವುದರಿಂದ ಕೆಲವು ಹಕ್ಕಿಗಳು ಏಕಕಾಲಕ್ಕೆ ಎರಡು ಸ್ವರಗಳನ್ನು ಹೊರಡಿಸಬಲ್ಲವು. ಮಡಿವಾಳಹಕ್ಕಿಯ ಸಿಳ್ಳು, ಎಲೆಗಳನ್ನು ಹೊಲಿದು ಗೂಡು ಮಾಡುವ ಟುವ್ವಿಯ ಬಿಡದ ಕೂಗು, ಹೂವಿನ ಮುಂದೆ ಮಿನುಗುವ ಸೂರಕ್ಕಿಯ ಚಿಲಿಪಿಲಿ, ಇವುಗಳನ್ನು ಬೇರೆಬೇರೆಯಾಗಿ ಗುರುತಿಸಲಾರಂಭಿಸಿದ ದಿನದಿಂದ ಮೂಕವಾಗಿದ್ದ ಪೊದೆ ನಮ್ಮೊಡನೆ ಮಾತನಾಡತೊಡಗುವುದು.

ಛಾಯಾಚಿತ್ರ ತೆಗೆಯುವವನಿಗೆ ಈ ಚಿಕ್ಕ ಹಕ್ಕಿಗಳೇ ನಿಜವಾದ ಪರೀಕ್ಷೆ. ಒಂದು ಕ್ಷಣವೂ ಅವು ಸುಮ್ಮನಿರುವುದಿಲ್ಲ. ಆದಕಾರಣ ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟೇ ತೆರೆದು ಮುಚ್ಚಬೇಕಾಗುವುದು. ಅಷ್ಟು ಅಲ್ಪಕಾಲಕ್ಕೆ ಬೆಳಕು ಹೇರಳವಾಗಿರಬೇಕು. ಹಕ್ಕಿಯ ಬೆನ್ನಟ್ಟುವುದು ವ್ಯರ್ಥ. ಅದು ಮತ್ತೆ ಮತ್ತೆ ಬಂದು ಕೂರುವ ಕೊಂಬೆಯನ್ನು ಗುರುತಿಸಿ ಕಾಯುವುದೇ ಜಾಣತನ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮೊದಲಾದವರು ಫಿಲ್ಮಿನ ಕಾಲದಲ್ಲಿ ಈ ತಾಳ್ಮೆಯ ವಿದ್ಯೆಯನ್ನು ಸಾಧಿಸಿದವರು. ಆಗ ಸುರುಳಿಯನ್ನು ತೊಳೆದು ನೋಡುವವರೆಗೆ ಚಿತ್ರ ಬಂದಿತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಈಗ ಚಿತ್ರ ತೆಗೆಯುವುದು ಸುಲಭವಾಗಿದೆ. ಹಕ್ಕಿಗೆ ತೊಂದರೆ ಕೊಡುವುದೂ ಅಷ್ಟೇ ಸುಲಭವಾಗಿದೆ. ಮುದ್ರಿಸಿದ ಹಾಡನ್ನು ಪದೇ ಪದೇ ಕೇಳಿಸಿದರೆ ಗಂಡುಹಕ್ಕಿಯು ಎದುರಾಳಿ ಬಂದನೆಂದು ಬಗೆದು ಆಹಾರವನ್ನೂ ಮರಿಗಳನ್ನೂ ಮರೆತು ಹಾರಾಡುವುದು. ಗೂಡಿನ ಮರೆಯ ಎಲೆಗಳನ್ನು ಸರಿಸಿದರೆ ಕಾಗೆಗೆ ದಾರಿ ತೋರಿದಂತಾಗುವುದು. ಚಿತ್ರ ಸಿಗದಿದ್ದರೆ ನಮಗಾಗುವುದು ಒಂದು ಬೆಳಗಿನ ನಿರಾಶೆ. ಗೂಡು ಹಾಳಾದರೆ ಹಕ್ಕಿಗಾಗುವುದು ಒಂದು ಸಂತಾನದ ನಷ್ಟ.

ಇದಕ್ಕಿಂತ ದೊಡ್ಡ ಅಪಾಯ ಬೆಟ್ಟಕ್ಕೇ ಬಂದಿದೆ. ಕಲ್ಲುಗಣಿಗಾರಿಕೆ, ಕಾಳ್ಗಿಚ್ಚು, ಕುರುಚಲಿನ ನಾಶ, ಇವುಗಳಿಂದ ಹಳದಿ ಕೊರಳಿನ ಪಿಕಳಾರವು ಜಾಗತಿಕವಾಗಿ ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯನ್ನು ಸೇರಿದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿ ಅಭಯಧಾಮವೆಂದು ಸಾರಲಾಯಿತು. ಅಲ್ಲಿ ಈ ಚಿಕ್ಕ ಹಕ್ಕಿಗೂ ಆಸರೆ ದೊರೆತಂತಾಯಿತು. ಆದರೆ ಅಂತಹ ಎಲ್ಲೆಯ ಹೊರಗಿರುವ ಬೆಟ್ಟಗಳು ಎಷ್ಟೋ. ಕಡಿದ ಮರ ಮತ್ತೆ ಚಿಗುರಬಹುದು. ಸಿಡಿಸಿದ ಬಂಡೆ ಮರಳಿ ಬಾರದು. ಆದುದರಿಂದ ಬರಿಗಲ್ಲೆಂದು ನಾವು ಕಡೆಗಣಿಸುವ ಬೆಟ್ಟವೂ ಒಂದು ಹಾಡಿನ ಮನೆಯೆಂಬುದನ್ನು ಅರಿತು, ಅದನ್ನು ಉಳಿಸುವವರ ಮಾತಿಗೆ ನಮ್ಮ ದನಿಯನ್ನೂ ಕೂಡಿಸುವುದು ಹಕ್ಕಿಯ ಹಾಡನ್ನು ಕೇಳಿ ಸುಖಿಸಿದವರ ಕರ್ತವ್ಯ.